ಎರಡು ಕುಂಡ, ಕೋಟಿ ಹುಲಿ

ಸತ್ತ ಗಿಡ ಚಿಗುರಿತೆಂದು ಎದೆ ಬಡಿದುಕೊಂಡವನು ಮೂರು ಲೋಕದಲ್ಲಿ ಒಬ್ಬನೇ: ನಮ್ಮ ಹುಲಿರಾಯ.

ಮಣ್ಣಿನ ಪ್ರಯೋಗಾಲಯದಲ್ಲಿ ಅವನು ಹಂಗಾಮಿ ಸಹಾಯಕ. ಬ್ಯಾಕ್ಟೀರಿಯಾಗಳನ್ನು ಗುಳುಂ ಎಂದು ನುಂಗುವ ಅಮೀಬಾಗಳನ್ನು ಸಾಕಿ, "ಇವು ಮಣ್ಣಿನ ಹುಲಿಗಳು ಕಣ್ರೀ! ಚಿಟಿಕೆ ಮಣ್ಣಲ್ಲಿ ಇಡೀ ಕಾಡಿನ ಬೇಟೆ ನಡೀತದೆ!" ಎಂದು ಸಾರಿ ಸಾರಿ ಆ ಹೆಸರು ಗಳಿಸಿದ್ದ. ಬ್ಯಾಕ್ಟೀರಿಯಾದಿಂದ ಬರುವ ಬಾಡುರೋಗ ತಗುಲಿಸಿದ ಎರಡು ಟೊಮೇಟೊ ಕುಂಡಗಳಲ್ಲಿ ಒಂದಕ್ಕೆ ಮಾತ್ರ ಮೊದಲೇ ಹುಲಿ ಬಿಟ್ಟಿದ್ದ. ಅದು ನಳನಳಿಸಬೇಕು, ಇನ್ನೊಂದು ಒಣಗಿ ಕಡ್ಡಿಯಾಗಬೇಕು. ಇವತ್ತು ನಿರ್ದೇಶಕಿ ಬಂದು ಆ ವ್ಯತ್ಯಾಸ ಕಂಡರೆ ನೌಕರಿ ಕಾಯಂ.

ಜ್ವರದ ರಜೆ ಮುಗಿಸಿ ಬೆಳಿಗ್ಗೆ ಬಂದು ನೋಡಿದರೆ, ಎರಡೂ ಹಸಿರು!

"ಅಯ್ಯೋ, ಯಾರ್ರೀ ಇದನ್ನ ಬದುಕಿಸಿದ್ದು?" ಆ ಕೂಗಿಗೆ ಗೋಡೆಯ ಹಲ್ಲಿಗಳು ಮೂರ್ಛೆ ಹೋದವು.

ಲೆಕ್ಕ ಬರೆಯುವ ಅಕ್ಕ ಇಣುಕಿದಳು. "ನಾನೇ ಕಣಪ್ಪ. ಪಾಪ, ತಲೆ ಬಗ್ಗಿಸ್ಕೊಂಡು ಸಾಯ್ತಿತ್ತು. ನಿನ್ನ ಹುಲಿ ಕುಂಡದಿಂದ ಒಂದು ಹಿಡಿ ಮಣ್ಣು ಹಾಕ್ದೆ. ನೋಡು, ಹೇಗೆ ಎದ್ದು ಕೂತಿದೆ!"

"ಸಾಯ್ಬೇಕಿತ್ತು ಅಕ್ಕಾ! ಅದು ಸತ್ತಿದ್ರೆ ನಾನು ಬದುಕ್ತಿದ್ದೆ!"

"ಥೂ, ಕಟುಕ!"

ಅಷ್ಟರಲ್ಲಿ ಅವನ ನೌಕರಿಗಾಗಿ ಗಿಡ ಒಣಗಿಸಲು ಕಚೇರಿಗೆ ಕಚೇರಿಯೇ ನೆರೆಯಿತು. ಟೈಪಿಸ್ಟ್ ಹೇರ್ ಡ್ರೈಯರ್ ಹಿಡಿದಳು; ಎಲೆಗಳು ತಲೆ ಬಾಚಿಸಿಕೊಂಡಂತೆ ಇನ್ನಷ್ಟು ಮಿರುಗಿದವು. ಉಗ್ರಾಣದವ "ಬೈದ್ರೆ ಬಾಡ್ತವಂತೆ" ಎಂದು ಗಿಡದ ಏಳು ತಲೆಮಾರನ್ನು ಜಾಲಾಡಿದ. ಅದು ಒಂದು ಹೂ ಬಿಟ್ಟಿತು, ನಂಬಿದರೆ ನಂಬಿ. ಕೊನೆಗೆ ಕಾವಲುಗಾರ ಬಾಯಿ ಹಾಕಿದ: "ಕುದಿಯೋ ನೀರು ಹುಯ್ಯಯ್ಯಾ, ಬುಡಸಮೇತ ಗೋವಿಂದ!"

ಹೊರಗೆ ಕಾರು ನಿಂತಿತು. ಹುಲಿರಾಯ ಟೀಗೆ ನೀರು ಕುದಿಯುತ್ತಿದ್ದ ಕೆಟಲ್ ಎತ್ತಿ ಹುಯ್ದೇಬಿಟ್ಟ. ಕೋಟಿ ಹುಲಿಗಳು ಒಂದೇ ಏಟಿಗೆ ಬೆಂದವು. ಗಿಡ ಮಕಾಡೆ ಮಲಗಿತು. ಅವನು ಮೀಸೆ ತಿರುವಿದ.

ನಿರ್ದೇಶಕಿ ಓಡಿಯೇ ಬಂದರು. ನಳನಳಿಸುವ ಕುಂಡದತ್ತ ಕಣ್ಣೂ ಹಾಯಿಸಲಿಲ್ಲ.

"ಮೊದಲೇ ಹುಲಿ ಬಿಟ್ರೆ ಗಿಡಕ್ಕೆ ರೋಗ ಬರಲ್ಲ, ಅದು ಗೊತ್ತಿರೋದೇ. ಆದ್ರೆ ಸಾಯ್ತಿದ್ದ ಗಿಡ ಹಿಡಿ ಮಣ್ಣಿಂದ ಎದ್ದಿದೆ ಅಂತ ಮೊನ್ನೆ ಸಂಬಳದ ಮಾತಾಡ್ತಾ ನಿಮ್ಮ ಲೆಕ್ಕದವರು ಫೋನಲ್ಲಿ ಅಂದ್ರಲ್ಲ, ಆಗಿಂದ ನಂಗೆ ನಿದ್ದೇನೇ ಇಲ್ಲ! ಎಲ್ಲಿ ಆ ಗಿಡ?"

ಎಲ್ಲರೂ ಹಬೆಯಾಡುತ್ತಿದ್ದ ಕುಂಡದ ಕಡೆ ನೋಡಿದರು.

"ಮೇಡಂ, ಅದು... ಈಗ ತಾನೇ..." ಎಂದ ಹುಲಿರಾಯ.

"ಬಿಸಿನೀರಿನ ಸ್ನಾನ ಆಯ್ತು ಮೇಡಂ," ಎಂದಳು ಅಕ್ಕ, ಪಾಪ ಅನ್ನಿಸಿ.

ಮಧ್ಯಾಹ್ನದ ಹೊತ್ತಿಗೆ ಪ್ರಯೋಗದ ಉಸ್ತುವಾರಿ ಅಕ್ಕನಿಗೆ ಬಂತು; ಹುಲಿರಾಯ ಅವಳ ಕೈಕೆಳಗೆ, ಹಂಗಾಮಿಯಾಗಿಯೇ. ಅಧಿಕಾರ ವಹಿಸಿಕೊಂಡ ಅಕ್ಕ ಮಾಡಿದ ಮೊದಲ ಕೆಲಸ, ಕೆಟಲ್ ಅನ್ನು ಬೀರುವಿನಲ್ಲಿಟ್ಟು ಬೀಗ ಜಡಿದದ್ದು.

"ಟೀ ಬೇಕಾದ್ರೆ," ಎಂದಳು, "ನನ್ನ ಕೇಳಪ್ಪ."