ದುರಸ್ತಿಯಲ್ಲಿದೆ, ದಯವಿಟ್ಟು ಸಹಕರಿಸಿ

"ಈ ಕಾರನ್ನ ಇಲ್ಲಿಂದ ಎತ್ತಿಸದೇ ಇದ್ರೆ ನನ್ನ ಹೆಸರು ಬದಲಾಯಿಸಿಕೊಳ್ತೀನಿ!"

ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಕೇಳುವ ಹಾಗೆ ಲಿಫ್ಟಣ್ಣ ಶಪಥ ಮಾಡಿದ. ಶಪಥಕ್ಕೆ ತಕ್ಕ ಭಂಗಿಯೂ ಇತ್ತು. ಒಂದು ಕಾಲು ಸ್ವಂತ ಜಾಗದ ಮಣ್ಣಿನ ಮೇಲೆ, ಇನ್ನೊಂದು ಕಾಲು ಆ ಕಾರಿನ ಬಂಪರಿನ ಮೇಲೆ. ಅಷ್ಟು ವೀರಾವೇಶವನ್ನು ಹೊರುವ ಶಕ್ತಿ ಬಂಪರಿಗೆಲ್ಲಿ ಬರಬೇಕು? ಕಳಚಿ ಬಿತ್ತು. ವೀರನೂ ಮುಗ್ಗರಿಸಿದ.

"ಹೆಸರು ಆಮೇಲೆ ಬದಲಾಯಿಸಿಕೊಳ್ಳೋರಂತೆ. ಮೊದಲು ಮಣ್ಣಾದ ಪ್ಯಾಂಟು ಬದಲಾಯಿಸಿ" ಅಂದಳು ಹೆಂಡತಿ.

ಹೆಸರಿನ ವಿಷಯಕ್ಕೆ ಬಂದರೆ, ಅಪ್ಪ ಅಮ್ಮ ಇಟ್ಟ ಹೆಸರು ಅವನ ಹತ್ತಿರ ಉಳಿದೇ ಇರಲಿಲ್ಲ. ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಲಿಫ್ಟು ಕೆಟ್ಟು ನಿಂತರೆ ಓಡಿಹೋಗಿ ಸರಿಮಾಡುವುದು ಅವನ ಕೆಲಸ. ಹಾಗಾಗಿ ಬೀದಿಗೆಲ್ಲ ಲಿಫ್ಟಣ್ಣ, ಹೆಂಡತಿಗೆ ಬರೀ "ರೀ". ಮಹಡಿಗಳ ಮಧ್ಯೆ ಸಿಕ್ಕಿಕೊಂಡ ಎಷ್ಟೋ ಜನರನ್ನು ಕೆಳಗಿಳಿಸಿದ ಪುಣ್ಯಾತ್ಮ! ನಿಂತದ್ದನ್ನು ನಿಂತ ಹಾಗೇ ಬಿಟ್ಟು ಬಂದವನಲ್ಲ ಎಂಬುದು ಅವನ ಹೆಮ್ಮೆ. ಆ ಹೆಮ್ಮೆಯೇ ಮುಂದೆ ಅವನ ಕುತ್ತಿಗೆಗೆ ಬಂತು.

ಆದದ್ದಿಷ್ಟು. ಗಂಡ ಹೆಂಡತಿ ಇಬ್ಬರೂ ಅಕ್ಕನ ಮಗಳ ಮದುವೆಗೆಂದು ಊರಿಗೆ ಹೋಗಿದ್ದರು. ವಾಪಸು ಬಂದು ನೋಡಿದರೆ, ಮನೆ ಪಕ್ಕದ ಖಾಲಿ ಜಾಗದಲ್ಲಿ, ಶೆಡ್ಡಿನ ಬಾಗಿಲಿಗೆ ಸರಿಯಾಗಿ ಅಡ್ಡಲಾಗಿ, ಒಂದು ಮುದಿ ಕಾರು! ಟೈರುಗಳು ನೆಲಕ್ಕೆ ಅಂಟಿದ್ದವು. ಬಣ್ಣ ಯಾವುದೆಂದು ಕಾರಿಗೇ ಮರೆತಿತ್ತು. ಮುಂದಿನ ನಂಬರ್ ಪ್ಲೇಟು ಇಲ್ಲ, ಹಿಂದಿನದರ ಅಂಕಿಗಳನ್ನು ತುಕ್ಕು ತಿಂದು ತೇಗಿತ್ತು.

"ಇದರ ಒಡೆಯ ಕೈಗೆ ಸಿಗಲಿ! ಅವನ ಚರ್ಮ ಸುಲಿದು ಇದರ ಸೀಟಿಗೆ ಹೊದಿಸ್ತೀನಿ!" ಎಂದು ಅವನು ಕೂಗಾಡುವಾಗ ಬೀದಿಯವರೆಲ್ಲ ಹೊರಗೆ ಬಂದಿದ್ದರು. ಎದುರುಮನೆಗೆ ಆ ವಾರವಷ್ಟೇ ಬಾಡಿಗೆಗೆ ಬಂದಿದ್ದ ಡ್ರಾಯಿಂಗ್ ಮೇಷ್ಟ್ರು ಕೂಡ ರಸ್ತೆ ದಾಟಿ ಅರ್ಧ ದಾರಿ ಬಂದು, ಅದೇಕೋ ಅಲ್ಲೇ ನಿಂತು, "ಛೆ ಛೆ, ಎಂಥಾ ಜನ ಇರ್ತಾರೆ ನೋಡಿ" ಎಂದು ತಲೆಯಾಡಿಸಿದ್ದರು.

ಆದರೆ ಲಿಫ್ಟಣ್ಣನ ನಿಜವಾದ ಸಂಕಟ ಕಾರಲ್ಲ, ಕೋಣೆ. ಹೆಂಡತಿ ಹೊಲಿಗೆ ತರಗತಿ ಶುರುಮಾಡುವವಳಿದ್ದಳು. ಮಷೀನುಗಳು ಬಂದು ನಡುಮನೆಯಲ್ಲಿ ಕೂತಿದ್ದವು. ಅವು ಹೋಗಬೇಕಾದದ್ದು ಶೆಡ್ಡಿಗೆ. ಶೆಡ್ಡಿನ ಬಾಗಿಲು ಹೊರಕ್ಕೆ ತೆರೆಯುವಂಥದ್ದು. ಕಾರು ಇರುವ ತನಕ ಒಂದು ಬೆಕ್ಕು ತೂರುವಷ್ಟೂ ತೆರೆಯದು.

"ನೋಡ್ರೀ, ಸೋಮವಾರದಿಂದ ತರಗತಿ. ಭಾನುವಾರದೊಳಗೆ ಶೆಡ್ ಬಿಡಿಸಿಕೊಟ್ರೆ ಸರಿ. ಇಲ್ಲಾಂದ್ರೆ ಮಷೀನುಗಳು ನಿಮ್ಮ ರೂಮಿಗೆ ಬರುತ್ತೆ."

ನಿಮ್ಮ ರೂಮು! ಎರಡು ಕಿಟಕಿ, ಬೆಳಗ್ಗೆ ಬಿಸಿಲು, ಸಂಜೆ ಗಾಳಿ, ಮಧ್ಯೆ ಒಂದು ಆರಾಮ ಕುರ್ಚಿ. ದಿನವಿಡೀ ಗಾಳಿಯಿಲ್ಲದ ಕತ್ತಲೆ ಬಾವಿಯಂಥ ಲಿಫ್ಟು ಗುಂಡಿಗಳಲ್ಲಿ ನೇತಾಡುವವನಿಗೆ ಅದು ಬರೀ ಕೋಣೆಯಲ್ಲ, ಸ್ವರ್ಗ. ಅಲ್ಲಿ ಹನ್ನೊಂದು ಹೆಂಗಸರು ಕೂತು ಕಟಕಟ ಎನ್ನುವುದನ್ನು ನೆನೆದರೇ ಅವನಿಗೆ ಅಳು ಬರುವಂತಾಯಿತು.

ಮೊದಲು ಪೊಲೀಸ್ ಠಾಣೆಗೆ ಹೋದ.

"ಕಾರು ಕಳುವಾಗಿದೆಯೇನ್ರೀ?" ಎಂದ ಪೇದೆ.

"ಇಲ್ಲ ಸಾರ್, ಬಂದಿದೆ."

"ಕಾರು ಹೋಯ್ತು ಅಂತ ಅಳೋರನ್ನ ದಿನಾ ನೋಡ್ತೀನಿ. ಬಂತು ಅಂತ ಅಳೋರನ್ನ ನೋಡ್ತಿರೋದು ಇವತ್ತೇ ಕಣ್ರೀ! ನಂಬರ್ ಏನು?"

"ತುಕ್ಕು ತಿಂದುಬಿಟ್ಟಿದೆ."

"ಹಾಗಿದ್ರೆ ತುಕ್ಕಿನ ಮೇಲೆ ದೂರು ಕೊಡಿ" ಎಂದು ನಕ್ಕು, ಪಾಪ, ನಗರಸಭೆಗೆ ಹೋಗುವ ದಾರಿಯನ್ನೂ ತೋರಿಸಿದ. ನಗರಸಭೆಯವರು ದೂರು ಬರೆದುಕೊಂಡು, ದಿಕ್ಕಿಲ್ಲದ ವಾಹನಗಳನ್ನು ಎತ್ತುವ ಗಾಡಿಯನ್ನು ಬುಧವಾರ ಕಳಿಸುತ್ತೇವೆ ಎಂದರು. ಲಿಫ್ಟಣ್ಣ ಎದೆ ಸೆಟೆಸಿಕೊಂಡು ಮನೆಗೆ ಬಂದ. "ನೋಡಿದ್ಯಾ? ಕೆಲಸ ಅಂದ್ರೆ ಹೀಗೆ!"

ಇಷ್ಟಕ್ಕೇ ನಿಲ್ಲಿಸಿ ಸುಮ್ಮನೆ ಕೂತಿದ್ದರೆ ಕಥೆ ಮುಗಿಯುತ್ತಿತ್ತು. ಕೂರುವ ಜಾಯಮಾನವೇ ಅವನದು? ಬೀದಿ ಮಕ್ಕಳು ಕಾರಿನ ಮೇಲೆ ಹತ್ತಿ ಕುಣಿಯುತ್ತಿದ್ದವು. ಬಿದ್ದು ಕೈಕಾಲು ಮುರಿದುಕೊಂಡರೆ ಹೊಣೆ ಯಾರು ಎಂದು, ಕೆಲಸದ ಚೀಲದಲ್ಲಿ ಸದಾ ಇರುವ ಬೋರ್ಡು ತೆಗೆದು, ಕೆಟ್ಟ ಲಿಫ್ಟಿನ ಬಾಗಿಲಿಗೆ ನೇತುಹಾಕುವ ಹಾಗೇ ಕಾರಿನ ಕನ್ನಡಿಗೆ ನೇತುಹಾಕಿ ಡ್ಯೂಟಿಗೆ ಹೋದ. ಕೈಗಂಟಿದ ಚಾಳಿ! ಬೋರ್ಡಿನಲ್ಲಿ ಏನು ಬರೆದಿದೆ ಎಂದು ಅವನು ಎಂದೂ ಪೂರ್ತಿ ಓದಿರಲಿಲ್ಲ.

ಬುಧವಾರ ಗಾಡಿ ಬಂತು. ಅದರಲ್ಲಿದ್ದವರು ಇಳಿದು ಬೋರ್ಡು ಓದಿದರು: "ದುರಸ್ತಿಯಲ್ಲಿದೆ, ದಯವಿಟ್ಟು ಸಹಕರಿಸಿ." ಸರ್ಕಾರಿ ಜನ, ಸಹಕರಿಸಿದರು. ಬಂದ ದಾರಿಯಲ್ಲೇ ಹೊರಟುಹೋದರು.

"ನೀನಾದರೂ ಹೇಳಬಾರದಾಗಿತ್ತೇನೇ?" ಎಂದು ಸಂಜೆ ಬಂದವನು ತಲೆ ತಲೆ ಚಚ್ಚಿಕೊಂಡ.

"ಹೇಳಿದೆ ಕಣ್ರೀ. 'ಅಮ್ಮಾ, ಯಾರೋ ಕಷ್ಟಪಟ್ಟು ರಿಪೇರಿ ಮಾಡಿಸ್ತಿದ್ದಾರೆ, ನಾವು ಎತ್ಕೊಂಡು ಹೋದ್ರೆ ತಪ್ಪಾಗುತ್ತೆ' ಅಂದ್ರು. ಒಳ್ಳೇ ಮಂದಿ. ನೀರು ಕುಡಿದು ಹೋದ್ರು."

ಮರುದಿನ ಗುಜರಿಯವನನ್ನು ಕರೆತಂದ. ಅವನು ಕಾರಿಗೆ ಒಂದು ಸುತ್ತು ಬಂದು ಗಲ್ಲ ಕೆರೆದುಕೊಂಡ. "ಒಯ್ತೀನಣ್ಣ, ಯಾಕೆ ಒಯ್ಯಲ್ಲ? ಆದರೆ ನನ್ನ ಗಾಡಿ ಈ ಸಂದಿಗೆ ಬರಲ್ಲ. ನೀವು ರಸ್ತೆ ತನಕ ಉರುಳಿಸಿ ಕೊಡಿ."

ಉರುಳಿಸಬೇಕಾದರೆ ಟೈರು ಬೇಕು. ಲಿಫ್ಟಣ್ಣ ಟೈರುಗಳನ್ನು ಕಳಚಿ, ಪಂಕ್ಚರ್ ಹಾಕಿಸಿ, ಗಾಳಿ ತುಂಬಿಸಿ ತಂದು ಕೂರಿಸಿದ. ತಳ್ಳಿದರೆ ಕಾರು ಅಲುಗಲಿಲ್ಲ.

"ಬ್ರೇಕು ಕಚ್ಚಿಕೊಂಡಿರುತ್ತೆ" ಎಂದಿತು ಒಂದು ದನಿ. ಡ್ರಾಯಿಂಗ್ ಮೇಷ್ಟ್ರು ಕೈಯಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದರು. "ಬಾಗಿಲು ಹಾಗೆ ಎಳೆದ್ರೆ ಬರಲ್ಲ. ಸ್ವಲ್ಪ ಮೇಲಕ್ಕೆತ್ತಿ ಎಳೀರಿ."

ಮೇಲಕ್ಕೆತ್ತಿ ಎಳೆದ. ಬಾಗಿಲು ಬೆಣ್ಣೆಯಂತೆ ಬಂತು!

"ಮೇಷ್ಟ್ರೇ, ನಿಮಗೆ ಕಾರಿನ ಬಗ್ಗೆ ಇಷ್ಟೆಲ್ಲ ಗೊತ್ತಾ?"

"ಅಯ್ಯೋ, ಕಾರುಗಳ ಬಗ್ಗೆ ಏನೂ ಗೊತ್ತಿಲ್ಲ. ಸುಮ್ನೆ ಒಂದು ಅಂದಾಜು."

ಅಂದಿನಿಂದ ಮೇಷ್ಟ್ರು ದಿನಾ ಸಂಜೆ ಹಾಜರು. ಅಂದಾಜು ಹೇಳುವುದು ಅವರು, ಬೆವರು ಸುರಿಸುವುದು ಇವನು. ಬ್ರೇಕು ಬಿಟ್ಟಿತು, ಕಾರು ಒಂದು ಗೇಣು ಉರುಳಿತು. ಆಗ ಅದನ್ನು ರಸ್ತೆಗೆ ತಳ್ಳಿ ಗುಜರಿಯವನಿಗೆ ಕೂಗು ಹಾಕಿದ್ದರೆ ಮುಗಿದೇ ಹೋಗುತ್ತಿತ್ತು. ಆದರೆ ಲಿಫ್ಟಣ್ಣ ಬಾನೆಟ್ ಎತ್ತಿ ಒಳಗೆ ಇಣುಕಿಬಿಟ್ಟ. ಒಳಗೊಂದು ಎಂಜಿನು, ನಿಂತ ಎಂಜಿನು! ಅವನ ಕೈ ತುರಿಸತೊಡಗಿತು.

"ಮೇಲೆ ಕೆಳಗೆ ಹೋಗೋದನ್ನೇ ಓಡಿಸಿದೀನಿ, ಹಿಂದೆ ಮುಂದೆ ಹೋಗೋದು ಯಾವ ದೊಡ್ಡ ವಿದ್ಯೆ!" ಎಂದು ತೋಳು ಮಡಚಿದ.

"ರೀ, ಎತ್ತಿಸ್ತೀನಿ ಅಂದಿದ್ರಿ. ಏಳಿಸ್ತಿದ್ದೀರಲ್ಲ!"

"ಓಡೋ ಗಾಡಿ ಆದ್ರೆ ಎಲ್ಲಿಗೆ ಬೇಕಾದ್ರೂ ಓಡಿಸಿ ಬಿಟ್ಟು ಬರಬಹುದು ಕಣೇ. ನಿನಗೆ ತಂತ್ರ ಅರ್ಥವಾಗಲ್ಲ."

ಹೆಂಡತಿ ವಾದಿಸಲಿಲ್ಲ. ಅಷ್ಟೇ ಅಲ್ಲ, ಸೀಟುಗಳ ಹರಿದ ಬಾಯಿಗಳನ್ನು ನೋಡಿ, "ಹೇಗೂ ಮಷೀನು ಖಾಲಿ ಇವೆ, ಕೈ ಪಳಗಲಿ" ಎಂದು ದಪ್ಪ ಬಟ್ಟೆ ತಂದು ಕವರು ಹೊಲಿದು ಹೊದಿಸಿದಳು. ಎದುರುಮನೆಯಿಂದ ಮೇಷ್ಟ್ರ ಹೆಂಡತಿಯೂ ಬಂದು ಜೊತೆಗೆ ಕೂತು ಹೊಲಿದರು. ಇಂಥ ಅರ್ಧಾಂಗಿ ಯಾವ ಜನ್ಮದ ಪುಣ್ಯವೋ ಎಂದು ಲಿಫ್ಟಣ್ಣನ ಕಣ್ಣು ತುಂಬಿ ಬಂತು. ಪಾಪದ ಮನುಷ್ಯ!

ಶನಿವಾರ ಗುಜರಿಯವನು ತಾನಾಗಿಯೇ ಬಂದ. ತಿಕ್ಕಿ ತೊಳೆದ ನೀಲಿ ಕಾರನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ. "ಅಣ್ಣಾ, ಇಂಥ ಗಾಡೀನ ಮುರಿದ್ರೆ ನನಗೆ ಅನ್ನ ಇಳಿಯಲ್ಲ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ." ಹೊರಟೇಬಿಟ್ಟ!

ಈಗ ಉಳಿದದ್ದು ಒಂದೇ ದಿನ. ಒಂದೇ ದಾರಿ: ಕಾರನ್ನು ಸ್ಟಾರ್ಟ್ ಮಾಡಿ, ಓಡಿಸಿಕೊಂಡು ಹೋಗಿ, ಆ ಪೇದೆಯ ಮುಂದೆಯೇ ನಿಲ್ಲಿಸಿ, "ತಗೊಳ್ಳಿ, ಬಂದದ್ದು ಹೋಯ್ತು" ಎಂದು ಕೈ ಮುಗಿದು ಬರುವುದು.

ಭಾನುವಾರ ಬೆಳಗ್ಗೆ ಹೊಸ ಬ್ಯಾಟರಿ ಕೂರಿಸಿದ. ಕೀಲಿ ಎಲ್ಲಿಂದ ತರುವುದು? ಸ್ಟಿಯರಿಂಗಿನ ಕೆಳಗೆ ಅಂಗಾತ ಮಲಗಿ, ಬಾಯಲ್ಲಿ ಟಾರ್ಚು ಕಚ್ಚಿಕೊಂಡು, ಇಕ್ಕಳದಿಂದ ವೈರಿನ ಗೊಂಚಲಿಗೆ ಕೈ ಹಾಕಿದ.

"ಅಯ್ಯಯ್ಯೋ! ವೈರು ಕೀಳ್ಬೇಡಿ ಸಾರ್, ವೈರು ಕೀಳ್ಬೇಡಿ!" ಎಂದು ಮೇಷ್ಟ್ರು ಓಡಿ ಬಂದರು. ಬಂದವರೇ ಜೇಬಿಗೆ ಕೈ ಹಾಕಿ ಒಂದು ಕೀಲಿ ತೆಗೆದು ಮುಂದೆ ಹಿಡಿದರು.

ಲಿಫ್ಟಣ್ಣನ ಬಾಯಿಂದ ಟಾರ್ಚು ಜಾರಿ ಬಿತ್ತು. "ಇದು... ನಿಮ್ಮ ಹತ್ರ ಹೇಗೆ ಬಂತು?"

"ಬಂದಿದ್ದಲ್ಲ ಸಾರ್, ಮೊದಲಿಂದ ನನ್ನ ಹತ್ರಾನೇ ಇದೆ. ಮಾವ ಕೊಟ್ಟ ಕಾರು. ಮಾರೋ ಹಾಗಿಲ್ಲ, ಓಡಿಸೋ ಹಾಗೂ ಇಲ್ಲ. ಮನೆ ಬದಲಾಯಿಸಿದ ದಿನ ಹಗ್ಗ ಕಟ್ಟಿ ಎಳೆಸಿಕೊಂಡು ಬಂದೆ, ಇಲ್ಲೇ ಬೀದೀಲಿ ಟೈರು ಕೂತು ನಿಂತುಬಿಡ್ತು. ಸಾಮಾನಿನ ಲಾರಿಗೆ ಜಾಗ ಬೇಕಿತ್ತು. ನೀವು ಊರಲ್ಲಿರಲಿಲ್ಲ. ಲಾರಿಯವರೂ ನಾನೂ ಸೇರಿ ಇಲ್ಲಿಗೆ ತಳ್ಳಿದ್ವಿ."

"ಮತ್ತೆ ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿಮಗೆ?"

"ಮೊದಲನೇ ದಿನವೇ ಹೇಳೋಣಾಂತ ರಸ್ತೆ ದಾಟಿ ಬಂದೆ. ಅಷ್ಟರಲ್ಲಿ ನೀವು ಒಡೆಯನ ಚರ್ಮ ಸುಲಿದು ಸೀಟಿಗೆ ಹೊದಿಸ್ತೀನಿ ಅಂದ್ರಿ. ಇರೋದೊಂದೇ ಚರ್ಮ ಸಾರ್! ಈಗ ಸೀಟಿಗೆ ಬಟ್ಟೆ ಹೊದಿಸಿ ಆಯ್ತಲ್ಲ, ಇನ್ನು ಹೇಳಬಹುದು ಅಂತ ಧೈರ್ಯ ಬಂತು."

ಲಿಫ್ಟಣ್ಣ ಮೈಯೆಲ್ಲ ಉರಿದು ಕಾರಿನಿಂದ ಹೊರಗೆ ನೆಗೆದ. ಇಕ್ಕಳ ಕೈಯಲ್ಲೇ ಇತ್ತು, ಚರ್ಮವೂ ಎದುರಿಗೇ ಇತ್ತು. ಆದರೆ ಅಷ್ಟರಲ್ಲಿ ಮೇಷ್ಟ್ರು ಸೀಟಿನಲ್ಲಿ ಕೂತು ಕೀಲಿ ತಿರುಗಿಸಿಬಿಟ್ಟರು. ಎಂಜಿನು ಒಮ್ಮೆ ಕೆಮ್ಮಿತು, ಎರಡನೇ ಸಲ ಗುರ್ರ್ ಎಂದು ಹಿಡಿದುಕೊಂಡಿತು! ಸತ್ತೇಹೋಗಿದ್ದ ಕಾರು! ತನ್ನ ಕೈಯಾರೆ! ಸಿಟ್ಟೆಲ್ಲ ಎಲ್ಲಿ ಹೋಯಿತೋ, ಲಿಫ್ಟಣ್ಣ ಎರಡೂ ಕೈಯಿಂದ ಚಪ್ಪಾಳೆ ತಟ್ಟಿದ. "ನಿಧಾನ ಮೇಷ್ಟ್ರೇ, ಎಡಕ್ಕೆ, ಎಡಕ್ಕೆ... ಹಾಂ, ಬನ್ನಿ ಬನ್ನಿ!" ಎಂದು ತಾನೇ ದಾರಿ ತೋರಿಸಿ ಕಾರನ್ನು ಎದುರುಮನೆ ಮುಂದೆ ನಿಲ್ಲಿಸಿಕೊಟ್ಟ.

ಶೆಡ್ಡಿನ ಬಾಗಿಲು ಬಯಲಾಯಿತು. ಭಾನುವಾರ ಇನ್ನೂ ಅರ್ಧ ಬಾಕಿ! ಗೆದ್ದೆ ಎಂದು ಲಿಫ್ಟಣ್ಣ ಒಂದೇ ಓಟಕ್ಕೆ ಮನೆಯೊಳಗೆ ನುಗ್ಗಿದ. ನಡುಮನೆ ಖಾಲಿ. ಮಷೀನುಗಳಿಲ್ಲ. ಅವನ ಕೋಣೆಯಿಂದ ಕಟಕಟ ಸದ್ದು. ಆರಾಮ ಕುರ್ಚಿ ಕಾಲು ಮಡಚಿಕೊಂಡು ಗೋಡೆಗೊರಗಿ ಹೊರಗೆ ನಿಂತಿತ್ತು.

"ಕಾರು ಹೋಯ್ತು ಕಣೇ! ಶೆಡ್ ಖಾಲಿ!"

"ಒಳ್ಳೇದಾಯ್ತು" ಅಂದಳು ಹೆಂಡತಿ, ಬಾಯಲ್ಲಿದ್ದ ಸೂಜಿ ತೆಗೆದು. "ನಿಮ್ಮ ಕುರ್ಚಿ ಹಾಕೋಕೆ ಜಾಗ ಆಯ್ತು."

"ಏ, ಮಾತಾಗಿದ್ದೇನು? ಭಾನುವಾರದೊಳಗೆ ಬಿಡಿಸಿಕೊಟ್ರೆ..."

"ಆ ಶೆಡ್ಡಲ್ಲಿ ಸೂಜಿಗೆ ದಾರ ಪೋಣಿಸೋಷ್ಟು ಬೆಳಕಿದೆಯೇನ್ರೀ? ಕಾರು ಮೇಷ್ಟ್ರದ್ದು ಅಂತ ಅವರ ಹೆಂಡತಿ ಎರಡನೇ ದಿನವೇ ಹೇಳಿದ್ರು. ಅವರೇ ನನ್ನ ಮೊದಲನೇ ಶಿಷ್ಯೆ. 'ಇನ್ನಷ್ಟು ದಿನ ಅಲ್ಲೇ ಇರ್ಲಿ ಬಿಡಿ, ಮಷೀನು ಎರಡು ಕಿಟಕಿ ಇರೋ ಕಡೆ ಹೋಗ್ಲಿ' ಅಂತ ನಾನೇ ಅಂದೆ. ನೀವು ಅದನ್ನ ಓಡಿಸೇಬಿಡ್ತೀರಿ ಅಂತ ಯಾರಿಗೆ ಗೊತ್ತಿತ್ತು? ಅದಕ್ಕೇ ಬೆಳಗ್ಗೇನೇ ಸಾಗಿಸಿಬಿಟ್ಟೆ."

ಲಿಫ್ಟಣ್ಣ ಮಡಚಿದ ಕುರ್ಚಿಯತ್ತ ತಿರುಗಿ ನೋಡಿದ.

"ಪುಣ್ಯಕ್ಕೆ ಕಾರಂತೂ ಎತ್ತಿಸಿದ್ರಿ, ಹೆಸರು ಬದಲಾಯಿಸಿಕೊಳ್ಳೋ ಕಷ್ಟ ತಪ್ಪಿತು" ಎಂದು ಅವಳು ಸಮಾಧಾನ ಹೇಳಿದಳು. "ರೂಮು ಬದಲಾಯಿಸಿಕೊಳ್ಳಿ, ಸಾಕು."

ಏನಾದರೂ ಒಂದು ಖಡಕ್ ಉತ್ತರ ಕೊಡಲೇಬೇಕೆಂದು ಅವನು ಒಂದು ಹೆಜ್ಜೆ ಮುಂದಿಟ್ಟ. ಬಾಗಿಲು ಮೆಲ್ಲನೆ ಮುಚ್ಚಿಕೊಂಡಿತು. ಅದರ ಹಿಡಿಕೆಗೆ, ಕಾರಿನ ಕನ್ನಡಿಯಿಂದ ಯಾವಾಗ ಇಳಿದು ಬಂದಿತ್ತೋ, ಅವನದೇ ಬೋರ್ಡು ನೇತಾಡುತ್ತಿತ್ತು. ವರ್ಷಗಟ್ಟಲೆ ಊರಿಗೆಲ್ಲ ತೋರಿಸುತ್ತ ಬಂದದ್ದನ್ನು ಲಿಫ್ಟಣ್ಣ ಮೊದಲ ಬಾರಿಗೆ ಮೇಲಿನಿಂದ ಕೆಳಗಿನವರೆಗೆ ಓದಿದ. ಓದಿ, ಕುರ್ಚಿಯನ್ನು ಹೆಗಲಿಗೇರಿಸಿ, ಶೆಡ್ಡಿನ ಕಡೆ ನಡೆದು, ಸಹಕರಿಸಿದ.