ಎರವಲು ಕಟಾ

ಇಷ್ಟೆಲ್ಲ ಅನಾಹುತಕ್ಕೆ ಕಾರಣ ಎರಡು ನಿಮಿಷದ ಒಂದು ವಿಡಿಯೊ. ಬೆಳಿಗ್ಗೆ ಒಂಬತ್ತಕ್ಕೆ ಅದನ್ನು ಮೊಬೈಲಿನಲ್ಲಿ ತೋರಿಸಿದವಳು ಮುದ್ರಣಾಲಯದಲ್ಲಿ ಡಿಟಿಪಿ ಮಾಡುವ ಅಕ್ಕ. ನೋಡಿ ಕೆಟ್ಟವನು ಅಲ್ಲೇ ಕರಡು ತಿದ್ದುವ ನಮ್ಮ ಕಥಾನಾಯಕ. ಎಲ್ಲರೂ ಅವನನ್ನು ಕರೆಯುವುದೇ ‘ತಿದ್ದುಪಡಿ’ ಎಂದು. ಮದುವೆಯ ಕರೆಯೋಲೆ ಕೊಟ್ಟರೂ ಗಂಡು ಯಾರು, ಹೆಣ್ಣು ಯಾರು ಎಂದು ನೋಡುವ ಮೊದಲು ಕಾಗುಣಿತ ನೋಡುವ ಆಸಾಮಿ.

ಅವತ್ತು ಸಂಜೆ ಐದಕ್ಕೆ ಅವನ ಕರಾಟೆ ಪರೀಕ್ಷೆ. ಹದಿನೆಂಟು ವರ್ಷದಿಂದ ಅವನು ಕಂದು ಬೆಲ್ಟಿನಲ್ಲೇ ಕೂತಿದ್ದ. ಕರಿ ಬೆಲ್ಟು ಕೊಡುವ ದೊಡ್ಡವರು ಹೊರಗಿನಿಂದ ಬರಬೇಕಿತ್ತು, ಯಾರೂ ಬಂದಿರಲಿಲ್ಲ. “ಒಂದಲ್ಲ ಒಂದು ದಿನ ಬರ್ತಾರೆ ಕಣಯ್ಯ” ಎನ್ನುತ್ತಲೇ ಅವನ ಗುರುಗಳು ಮೂರು ವರ್ಷದ ಹಿಂದೆ ತೀರಿಕೊಂಡರು. ಈಗ ಆ ದೊಡ್ಡವರು ಬಂದಿದ್ದರು.

ಗುರುಗಳು ಎಂದರೆ ಅದೇ ಮುದ್ರಣಾಲಯದಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುತ್ತಿದ್ದ ಸಣ್ಣಗಿನ ಮನುಷ್ಯ. ಹಗಲೆಲ್ಲ ಪುಟ ಹೊಲಿಯುವುದು, ಸಂಜೆ ಆರಕ್ಕೆ ಹಿಂದಿನ ಕೋಣೆಯ ಮಣೆಗಳನ್ನು ಸರಿಸಿ ಕರಾಟೆ ಹೇಳಿಕೊಡುವುದು. ಎಂಥ ದಿನಗಳು ಅವು! ಆ ಕೋಣೆಯ ಅಂಟಿನ ವಾಸನೆ ಬಂದರೆ ತಿದ್ದುಪಡಿ ಈಗಲೂ ಕೈಯಲ್ಲಿದ್ದ ಕರಡು ಕೆಳಗಿಟ್ಟುಬಿಡುತ್ತಾನೆ.

ಕಟಾ ಎಂದರೆ ಎದುರಾಳಿ ಇದ್ದಾನೆ ಎಂದುಕೊಂಡು ಒಬ್ಬರೇ ಮಾಡುವ ಹೊಡೆತ, ತಡೆ, ಒದೆಗಳ ಸಾಲು. ಒಂದೊಂದು ಶೈಲಿಯವರಿಗೆ ಅವರವರ ಕಟಾಗಳಿವೆ. ಗುರುಗಳು ಮಾತ್ರ ತಮ್ಮ ಶೈಲಿಯದಲ್ಲದ ಒಂದನ್ನು ಬೇರೆಯವರಿಂದ ಕಲಿತು ತಂದಿದ್ದರು. “ನಮ್ಮಲ್ಲಿ ಗಟ್ಟಿತನ ಇದೆ, ಹಗುರವಾಗಿ ತಿರುಗೋದು ಇಲ್ಲ. ಅವರಲ್ಲಿ ಇದೆ. ಒಳ್ಳೇದು ಯಾರ ಮನೇಲಿದ್ರೇನು, ಕೇಳಿ ತಗೊಂಡು ಬರಬೇಕು” ಎನ್ನುತ್ತಿದ್ದರು. ಶಿಷ್ಯರು ಅದಕ್ಕಿಟ್ಟ ಹೆಸರು ‘ಎರವಲು ಕಟಾ’. ಪರೀಕ್ಷೆಯ ಕೊನೆಯಲ್ಲಿ ಬೇರೆ ಶೈಲಿಯ ಒಂದು ಕಟಾ ತೋರಿಸಬೇಕೆಂಬ ನಿಯಮವಿತ್ತು. ತಿದ್ದುಪಡಿಗೆ ಅದರದೇ ಧೈರ್ಯ.

“ನೋಡಣ್ಣ, ನಿಮ್ಮ ಎರವಲು ಕಟಾ ಮೊಬೈಲಲ್ಲೂ ಇದೆ. ಆದ್ರೆ ನೀವು ಮಾಡೋ ಥರ ಇಲ್ಲ” ಎಂದಳು ಅಕ್ಕ.

ನಿಜ. ಮೂರನೆಯ ಹೊಡೆತವಾದ ಮೇಲೆ ಗುರುಗಳು ಎಡಕ್ಕೆ ಎರಡು ಪುಟ್ಟ ಹೆಜ್ಜೆ ಇಡುತ್ತಿದ್ದರು. ವಿಡಿಯೊದಲ್ಲಿ ಇರಲಿಲ್ಲ. ತಿರುಗುವ ಮುಂಚೆ ತಲೆ ತಗ್ಗಿಸುತ್ತಿದ್ದರು. ಅದೂ ಇರಲಿಲ್ಲ. ದೊಡ್ಡ ಒದೆಯಾದ ಮೇಲೆ ಬಲ ಮೊಣಕಾಲ ಮೇಲೆ ಕೈಯಿಟ್ಟು “ಹ್ಹಾ...” ಎಂದು ಉದ್ದಕ್ಕೆ ಉಸಿರು ಬಿಡುತ್ತಿದ್ದರು. ಸುತರಾಂ ಇಲ್ಲ.

ತಿದ್ದುಪಡಿ ಎದ್ದು ಹಿಂದಿನ ಕೋಣೆಗೆ ಓಡಿದ. ಗುರುಗಳು ನಿಲ್ಲುತ್ತಿದ್ದ ಜಾಗದಲ್ಲಿ ನಿಂತು ಮೂರು ಹೊಡೆತ ಹೊಡೆದ. ಮೂಗಿನ ಮುಂದೆಯೇ ಕಂಬ! ತಿರುಗುವ ಕಡೆ ಕಾಗದದ ಕಟ್ಟು ಪೇರಿಸಿದ ಅಟ್ಟ, ಹಣೆಯ ಮಟ್ಟಕ್ಕೆ. ಗುರುಗಳ ಬಲ ಮೊಣಕಾಲಿಗೆ ವಾಯು ಇದ್ದದ್ದಂತೂ ಜಗಜ್ಜಾಹೀರು.

“ಅಯ್ಯೋ, ಹದಿನೆಂಟು ವರ್ಷ ನಾನು ಅಭ್ಯಾಸ ಮಾಡಿದ್ದು ಈ ಕಂಬಾನಾ!” ಎಂದು ತಲೆ ಮೇಲೆ ಕೈಹೊತ್ತು ಕುಳಿತ.

“ಅಪ್ಪ ಹಾಕಿದ ಆಲದಮರ ಅಂತ ಅದಕ್ಕೇ ನೇಣು ಹಾಕ್ಕೊಳ್ಳೋಕಾಗುತ್ತಾ? ತಿದ್ದಿಬಿಡಿ, ಅದೇ ತಾನೆ ನಿಮ್ಮ ಕೆಲಸ!” ಎಂದು ಅಕ್ಕ ಹುರಿದುಂಬಿಸಿದಳು.

ಸರಿ, ಶುರುವಾಯಿತು ತಿದ್ದುವ ಕೆಲಸ. ಮೇಜುಗಳ ನಡುವೆ ಮಾಡಿದ. ಕಾಲು ತಾನಾಗಿ ಎಡಕ್ಕೆ ಹೋಗಿ ಅಂಟಿನ ಡಬ್ಬಿಗೆ ಬಿತ್ತು. ಅಕ್ಕ ಉದ್ದದ ಸ್ಕೇಲು ಹಿಡಿದು ಎಡಗಡೆ ನಿಂತಳು. ಹತ್ತು ಏಟು ಬಿದ್ದ ಮೇಲೆ ಕಾಲು ನೆಟ್ಟಗಾಯಿತು.

ಮಧ್ಯಾಹ್ನ ಮನೆಗೆ ಹೋಗಿ ತಲೆ ತಗ್ಗಿಸುವುದನ್ನು ಬಿಡಿಸಿಕೊಳ್ಳಲು ನೆತ್ತಿಯ ಮೇಲೆ ನೀರಿನ ಲೋಟ ಇಟ್ಟುಕೊಂಡ. ಮೂರು ಸಲ ಮಿಂದ.

“ಗುರುಗಳ ಕಾಲದಿಂದ ಸರಿಯಾಗಿದ್ದದ್ದು ಇವತ್ತು ಒಂದೇ ದಿನಕ್ಕೆ ಹೇಗ್ರೀ ತಪ್ಪಾಯ್ತು?” ಎಂದಳು ಹೆಂಡತಿ, ನೆಲ ಒರೆಸುತ್ತ.

“ನಿನಗೆ ಗೊತ್ತಾಗಲ್ಲ, ಸುಮ್ನಿರು” ಎಂದು ನಾಲ್ಕನೆಯ ಲೋಟ ಇಟ್ಟುಕೊಂಡ.

ಉಳಿದದ್ದು ಮೊಣಕಾಲು. ಅದಕ್ಕೆ ಕಟಿಂಗ್ ಶಾಪಿನವನ ಬಳಿಗೆ ಹೋದ. ಅವನೂ ಗುರುಗಳ ಶಿಷ್ಯನೇ, ಅವನಿಗೂ ಅವತ್ತೇ ಪರೀಕ್ಷೆ. ಮಹಾ ಮರೆಗುಳಿ. ಕಟಾಗಳನ್ನೆಲ್ಲ ತಿದ್ದುಪಡಿಯೇ ಮತ್ತೆ ಮತ್ತೆ ಹೇಳಿಕೊಟ್ಟು ಅವನ ತಲೆಗೆ ತುಂಬಿದ್ದ.

ವಿಷಯ ಕೇಳಿ ಅವನು ಅರ್ಧ ಗಡ್ಡ ಹೆರೆದಿದ್ದ ಗಿರಾಕಿಯನ್ನು ಹಾಗೇ ಕೂರಿಸಿ, ತಿದ್ದುಪಡಿಯ ಎರಡೂ ಕೈಗೆ ಬಾಚಣಿಗೆ ಕೊಟ್ಟ. “ಹಿಡ್ಕೊ. ಕೈ ಮೊಣಕಾಲಿಗೆ ಹೋದ್ರೆ ಹಲ್ಲು ಚುಚ್ಚುತ್ತೆ.”

ಚುಚ್ಚಿತು. ನಾಲ್ಕು ಗಂಟೆಯ ಹೊತ್ತಿಗೆ ಕಟಾ ಅಚ್ಚಿಗೆ ಕಳಿಸಬಹುದಾದ ಪುಟದಷ್ಟು ಶುದ್ಧವಾಗಿತ್ತು.

“ನೀನೂ ತಿದ್ಕೊಳ್ಳೋ” ಎಂದ ತಿದ್ದುಪಡಿ.

“ಇನ್ನೂ ಮೂರು ಗಿರಾಕಿ ಇದ್ದಾರೆ ಕಣೋ. ನನಗೆ ಕಲಿತದ್ದೇ ನೆನಪಿರಲ್ಲ, ಮರೆಯೋದನ್ನ ಬೇರೆ ಕಲೀಲಾ?”

ಪರೀಕ್ಷೆ ಶಾಲೆಯೊಂದರ ಸಭಾಂಗಣದಲ್ಲಿ. ಪರೀಕ್ಷಕರು ಬೆಳ್ಳನೆ ಹುಬ್ಬಿನ ಮುದುಕರು. ತಿದ್ದುಪಡಿ ಎರವಲು ಕಟಾವನ್ನು ಒಂದೂ ತಪ್ಪಿಲ್ಲದೆ ಮಾಡಿ ನಮಸ್ಕರಿಸಿದ. ಮುದುಕರ ಮುಖ ಸಪ್ಪಗಾಯಿತು.

“ಮೊಬೈಲಲ್ಲಿ ನೋಡಿದ್ರಾ?”

“ಹೌದು ಸಾರ್” ಎಂದ ಹೆಮ್ಮೆಯಿಂದ.

“ಅದರಲ್ಲಿರೋನು ನಾನೇ, ಹರೆಯದಲ್ಲಿ. ಹಾಕಿದ್ದು ನನ್ನ ಮೊಮ್ಮಗಳು” ಎಂದರು ಮುದುಕರು. “ಈ ಕಟಾನ ನಿಮ್ಮ ಗುರುಗೆ ಕೊಟ್ಟೋನೂ ನಾನೇ. ನಾನು ಕೊಟ್ಟದ್ದನ್ನೇ ನೋಡೋಕೆ ನಾನ್ಯಾಕಪ್ಪ ಇಷ್ಟು ದೂರ ಬರಲಿ? ಅವನು ಅದನ್ನ ಏನು ಮಾಡ್ಕೊಂಡಿದ್ದ ಅಂತ ನೋಡೋಕೆ ಬಂದೆ. ಬೇರೆಯವರದ್ದನ್ನ ತರೋದೇ ನಮ್ಮದು ಮಾಡ್ಕೊಳ್ಳೋಕೆ. ನಿಮ್ಮ ಮೈಗೆ ಇದು ಹತ್ತೇ ಇಲ್ಲ. ಇವತ್ತು ಬೆಳಿಗ್ಗೆ ಕಲಿತ ಹಾಗಿದೆ.”

ಮುಂದಿನ ಸರದಿ ಕಟಿಂಗ್ ಶಾಪಿನವನದು. ಬಟ್ಟಬಯಲಿನಂಥ ಸಭಾಂಗಣದ ನಡುವೆ ಇಲ್ಲದ ಕಂಬವನ್ನು ಸುತ್ತಿದ. ಇಲ್ಲದ ಅಟ್ಟಕ್ಕೆ ತಲೆ ಬಾಗಿದ. ಒದ್ದು, ಮೊಣಕಾಲು ಹಿಡಿದು “ಹ್ಹಾ...” ಎಂದ. ಗುರುಗಳೇ ಎದ್ದು ಬಂದ ಹಾಗಾಯಿತು. ತಿದ್ದುಪಡಿಗೆ ಅಳು ತಡೆಯಲಾಗಲಿಲ್ಲ. ಮುದುಕರೂ ಕಣ್ಣೊರೆಸಿಕೊಂಡು, ನಗುತ್ತ, ಕರಿ ಬೆಲ್ಟನ್ನು ತಾವೇ ಅವನ ಸೊಂಟಕ್ಕೆ ಕಟ್ಟಿದರು.

“ಸಾರ್, ಅದನ್ನ ಅವನಿಗೆ ತಿದ್ದಿ ತೀಡಿ ಹೇಳಿಕೊಟ್ಟೋನು ನಾನು!” ಎಂದು ತಿದ್ದುಪಡಿ ಗೋಗರೆದ.

“ಹೌದಾ? ಹಾಗಾದ್ರೆ ಮಾಡಿ ತೋರಿಸಿ. ಬೆಲ್ಟು ಇನ್ನೊಂದಿದೆ.”

ನಿಂತ. ಮೂರು ಹೊಡೆತ ಹೊಡೆದ. ಎಡಕ್ಕೆ ಹೋಗಬೇಕೆಂದರೆ ಕಾಲು ಸ್ಕೇಲಿಗೆ ಹೆದರಿ ನೇರ ಹೋಯಿತು. ಬಗ್ಗಬೇಕೆಂದರೆ ಕುತ್ತಿಗೆ ಲೋಟ ಬೀಳುತ್ತದೆಂದು ಸೆಟೆದು ನಿಂತಿತು. ಮೊಣಕಾಲಿನವರೆಗೆ ಹೋದ ಕೈ ಬಾಚಣಿಗೆ ನೆನೆದು ಹಿಂದೆ ಬಂತು. ಇನ್ನೊಮ್ಮೆ ಮಾಡಿದ, ಮತ್ತೊಮ್ಮೆ ಮಾಡಿದ. ಕಣ್ಣು ಮುಚ್ಚಿ ಗುರುಗಳನ್ನು ನೆನೆದರೂ ಮೈ ಕೇಳಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

“ಮುಂದಿನ ವರ್ಷ ಬರ್ತೀನಿ. ಅಷ್ಟರಲ್ಲಿ ಇದನ್ನ ಗೊತ್ತಿರೋರ ಹತ್ತಿರ ಸರಿಯಾಗಿ ಕಲಿತಿರಿ” ಎಂದು ಮುದುಕರು ಅವನ ಬೆನ್ನು ತಟ್ಟಿದರು.

ಗೊತ್ತಿರುವವನು ಈಗ ಊರಿಗೆಲ್ಲ ಒಬ್ಬನೇ. ತಿದ್ದುಪಡಿ ಮುಖ ಕೆಳಗೆ ಹಾಕಿಕೊಂಡು ಅವನ ಹಿಂದೆಯೇ ಕಟಿಂಗ್ ಶಾಪಿಗೆ ಹೋದ. ಅವನು ಅಂಗಿಯ ಮೇಲೆ ಕರಿ ಬೆಲ್ಟು ಕಟ್ಟಿಕೊಂಡೇ ಬಾಗಿಲು ತೆಗೆದು, ಗಿರಾಕಿಯ ಕುರ್ಚಿಯಲ್ಲಿ ಗಂಭೀರವಾಗಿ ಕುಳಿತ.

“ಹೇಳಿಕೊಡ್ತೀಯಾ?” ಎಂದ ತಿದ್ದುಪಡಿ.

“ಕೊಡ್ತೀನಿ. ಮೊದಲು ನೆಲದ ಮೇಲಿನ ಕೂದಲು ಗುಡಿಸು. ಗುರುಗಳು ನಮ್ಮ ಕೈಲಿ ಕಾಗದದ ಚೂರು ಗುಡಿಸಿಸ್ತಿರಲಿಲ್ವಾ?”

ಗುಡಿಸುತ್ತಿದ್ದವರು ಗುರುಗಳೇ. ಶಿಷ್ಯರಿಗೆ ಅವರು ಒಂದು ದಿನವೂ ಪೊರಕೆ ಮುಟ್ಟಲು ಬಿಟ್ಟವರಲ್ಲ. ಹಾಗೆ ಹೇಳಲು ತಿದ್ದುಪಡಿ ಬಾಯಿ ತೆರೆದ. ಆಮೇಲೆ, ಜನ್ಮದಲ್ಲೇ ಮೊದಲ ಸಲ, ಇನ್ನೊಬ್ಬರ ತಪ್ಪನ್ನು ತಿದ್ದದೆ ಪೊರಕೆ ಎತ್ತಿಕೊಂಡ.