ಊರವರ ಕಾಯಿಲೆ ಮತ್ತು ನಮ್ಮ ಭಾವ

ನಮ್ಮ ಭಾವನವರಿಗೆ ಇರುವಷ್ಟು ಕಾಯಿಲೆಗಳ ಪರಿಚಯ ಕಾಯಿಲೆ ಬಂದವರಿಗೂ ಇಲ್ಲ. ಬಿಪಿ, ಸಕ್ಕರೆ, ಥೈರಾಯ್ಡು, ಮೂಲವ್ಯಾಧಿ ಎಲ್ಲವೂ ಅವರಿಗೆ ಬೀಗರಿದ್ದ ಹಾಗೆ. ಯಾವುದು ಯಾರ ಮನೆಯಲ್ಲಿದೆ, ಬಂದು ಎಷ್ಟು ಕಾಲವಾಯಿತು, ಈಗ ಹೇಗೆ ನಡೆದುಕೊಳ್ಳುತ್ತಿದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಅವರ ಸ್ವಂತ ಮೈಯಲ್ಲಿ ಮಾತ್ರ ಒಂದು ನೆಗಡಿಯೂ ನೆಟ್ಟಗೆ ನಿಲ್ಲುವುದಿಲ್ಲ. ಇಷ್ಟು ವಿದ್ಯೆ ಇಟ್ಟುಕೊಂಡು ಸ್ವಂತಕ್ಕೆ ಬಳಸಿಕೊಳ್ಳುವ ಯೋಗವಿಲ್ಲವಲ್ಲ ಎಂಬುದೊಂದೇ ಅವರ ಕೊರಗು.

ಭಾವ ಎಂದರೆ ನನ್ನ ಅಕ್ಕನ ಗಂಡ. ಶಿಕಾರಿಪುರದಲ್ಲಿ ಅವರದೊಂದು ಮೆಕ್ಕೆಜೋಳದ ಮಂಡಿ ಇದೆ. ನಾನು ಇತ್ತ ಸೊರಬದಲ್ಲಿ ಒಂದು ಸೊಸೈಟಿಯ ಗುಮಾಸ್ತೆ. ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೇನೆ. ಮದುವೆಯಾಗದ್ದರಿಂದಲೇ ನನಗೆ ಬಿಪಿ ಬಂದಿಲ್ಲ ಎನ್ನುವುದು ಅಕ್ಕನ ಅಭಿಪ್ರಾಯ. ಇದನ್ನು ಅವಳು ಗಂಡನ ಎದುರೇ ಹೇಳುತ್ತಾಳೆ, ಅವರು ಅದನ್ನು ವೈದ್ಯಕೀಯ ಮಾಹಿತಿ ಎಂದೇ ತಿಳಿದು ಗಂಭೀರವಾಗಿ ತಲೆದೂಗುತ್ತಾರೆ.

ಕೆಲವರಿಗೆ ಇಸ್ಪೀಟು, ಕೆಲವರಿಗೆ ರಾಜಕೀಯ. ನಮ್ಮ ಭಾವನವರಿಗೆ ಬೇರೆಯವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ಚಟ. ಬೀದಿಯಲ್ಲಿ ಯಾರಾದರೂ ಕೆಮ್ಮಿದರೆ ಸಾಕು, ಇವರ ಕಾರಿನ ಕೀಲಿ ಕೈಗೆ ಬರುತ್ತದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಮಾತ್ರೆಯ ಹಾಳೆಯ ಮೇಲಿನ ಸಣ್ಣಕ್ಷರ ಓದಲು ಒಂದು ಭೂತಗನ್ನಡಿ. ಹೊಸ ರೋಗಿಗಳು ಇವರನ್ನೇ ಡಾಕ್ಟರೆಂದು ತಿಳಿದು ನಾಲಿಗೆ ಹೊರಚಾಚುವುದುಂಟು. ಭಾವನವರು ಬೇಡವೆನ್ನದೆ ನೋಡುವುದೂ ಉಂಟು.

ಕರೆದುಕೊಂಡು ಹೋಗಿ ಸುಮ್ಮನೆ ಕೂತಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ಡಾಕ್ಟರು ಮಾತು ಮುಗಿಸಿ ಮುಂದಿನವರನ್ನು ಕರೆಯಲು ಗಂಟೆ ಒತ್ತುವ ಹೊತ್ತಿಗೆ ಇವರು ಕೈ ಎತ್ತುತ್ತಾರೆ.

"ಡಾಕ್ಟ್ರೇ, ನೀವು ಹೇಳಿದ್ದು ನಮ್ಮ ತಲೆಗೆ ಎಷ್ಟು ಹೋಗೈತೆ ಅಂತ ಒಂದ್ಸಲ ಒಪ್ಪಿಸ್ತೀನಿ. ತಪ್ಪಿದ್ರೆ ತಿದ್ರಿ."

ಆಮೇಲೆ ಶಾಲೆಯ ಹುಡುಗನ ಹಾಗೆ ಕೈ ಕಟ್ಟಿಕೊಂಡು, ಯಾವ ಮಾತ್ರೆ, ಯಾತಕ್ಕೆ, ಊಟಕ್ಕೆ ಮೊದಲೋ ಆಮೇಲೋ, ಎಲ್ಲವನ್ನೂ ಒಪ್ಪಿಸುತ್ತಾರೆ. ಹೊರಗೆ ಬೆಂಚಿನ ಮೇಲಿರುವವರ ಶಾಪ ಅವರಿಗೆ ತಟ್ಟುವುದಿಲ್ಲ. ಇವರ ಕಾಟ ತಡೆಯಲಾರದೆ ಒಬ್ಬ ಡಾಕ್ಟರು 'ರೋಗಿಯ ಜೊತೆ ಒಬ್ಬರಿಗೆ ಮಾತ್ರ ಪ್ರವೇಶ' ಎಂದು ಬಾಗಿಲಿಗೆ ಬೋರ್ಡು ಬರೆಸಿ ಹಾಕಿದರು. ಭಾವನವರು ಅದನ್ನು ಓದಿ, ಮನೆಗೆ ಬಂದು ಅಕ್ಕನ ಮುಂದೆ ಗದ್ಗದಿತರಾದರು.

"ನೋಡು, ನನ್ನ ಸಲುವಾಗಿ ಬೋರ್ಡೇ ಹಾಕ್ಯಾರೆ. ಆ ಒಬ್ಬರು ನಾನೇ ಅಲ್ಲೇನು?"

ಈ ಚಟ ಅಂಟಿದ್ದು ನಮ್ಮ ಅಪ್ಪನಿಂದ. ಅಪ್ಪನಿಗೆ ಬಿಪಿ ಜಾಸ್ತಿಯಾದಾಗ ಡಾಕ್ಟರು ಉಪ್ಪು ಕಡಿಮೆ ಮಾಡಿ ಎಂದಿದ್ದರು. ಅಪ್ಪ ಆಜ್ಞಾಪಾಲಕರು. ಅವತ್ತಿನಿಂದಲೇ ಮಜ್ಜಿಗೆಗೆ ಉಪ್ಪು ಹಾಕುವುದನ್ನು ಬಿಟ್ಟರು. ಸಪ್ಪೆ ಮಜ್ಜಿಗೆ ಅನ್ನ ಗಂಟಲಲ್ಲಿ ಇಳಿಯದ ಕಾರಣ ಉಪ್ಪಿನಕಾಯಿಯನ್ನು ಎರಡು ಪಾಲು ಮಾಡಿಕೊಂಡರು, ಜೊತೆಗೆ ಹಪ್ಪಳ, ಸಂಡಿಗೆ. ಕಾಲು ಊದಿ ಚಪ್ಪಲಿ ಹಿಡಿಸದಂತಾಯಿತು. ಮನೆಗೆ ಬಂದಿದ್ದ ಅಳಿಯ ಎಲೆಯ ತುದಿಯಲ್ಲಿದ್ದ ಉಪ್ಪಿನಕಾಯಿಯ ಗುಡ್ಡ ನೋಡಿ ಕೇಳಿದರು.

"ಮಾವಾರೆ, ಇದರೊಳಗೆ ಏನೈತೆ?"

"ಮಾವಿನಕಾಯಿ," ಎಂದರು ಅಪ್ಪ.

ಮರುದಿನ ಭಾವನವರು ಅವರನ್ನು ಡಾಕ್ಟರ ಮುಂದೆ ಕೂರಿಸಿ, ಏನೇನು ಬಿಡಬೇಕು ಎಂದು ಒಂದೊಂದೇ ಪದಾರ್ಥದ ಹೆಸರು ಹಿಡಿದು ಕೇಳಿದರು. ಕಾಲಿನ ಊತ ಇಳಿಯಿತು. ಅಪ್ಪ ಬಹಳ ವರ್ಷ ಚೆನ್ನಾಗಿ ಬದುಕಿದರು, ಅಷ್ಟೂ ವರ್ಷ ಅಳಿಯನನ್ನು ಕ್ಷಮಿಸಲಿಲ್ಲ.

ಮನೆಯವರನ್ನು ಮುಗಿಸಿದ ಮೇಲೆ ಭಾವನವರ ಕೃಪಾದೃಷ್ಟಿ ಮಂಡಿಯಲ್ಲಿ ಚೀಲ ಹೊರುವ ಹಮಾಲರ ಮೇಲೆ ಬಿತ್ತು. ಕೆಲಸದ ಜಾಗದಲ್ಲಿ ಆರೋಗ್ಯದ ತಿಳಿವಳಿಕೆ ಇರಬೇಕು ಎಂದು ಎಲ್ಲೋ ಭಾಷಣ ಕೇಳಿ ಬಂದಿದ್ದರು. ಬೇರೆ ಸಾಹುಕಾರರು ಅಂಥ ಭಾಷಣದಲ್ಲಿ ತೂಕಡಿಸಿ ಬರುತ್ತಾರೆ, ಇವರು ಎಚ್ಚರವಾಗಿದ್ದು ಬಂದರು. ಅದೇ ಎಡವಟ್ಟಾಯಿತು. ದಿನಾ ಬೆಳಿಗ್ಗೆ ಲಾರಿ ಬರುವ ಮುಂಚೆ ಹಮಾಲರನ್ನು ಕೂರಿಸಿಕೊಂಡು, ಯಾರಿಗೆ ಏನು ಕಾಯಿಲೆ, ಯಾವ ಗುಳಿಗೆ, ತಪ್ಪದೆ ನುಂಗುತ್ತೀರಾ ಎಂದು ವಿಚಾರಣೆ ಶುರುವಾಯಿತು. ಅವರಲ್ಲಿ ಹಿರಿಯ ಹನುಮಂತಪ್ಪ. ವರ್ಷಗಟ್ಟಲೆಯಿಂದ ಬಿಪಿ.

"ಗುಳಿಗೆ ತಗೋತೀಯೇನಪ್ಪ?"

"ತಗೋತೀನ್ರಿ. ದವಾಖಾನೆಗೆ ಹೋಗೋ ದಿನ ತಪ್ಪದಂಗ ತಗೋತೀನಿ."

"ಉಳಿದ ದಿನ?"

"ಉಳಿದ ದಿನ ಯಾರು ನೋಡ್ತಾರ್ರಿ? ನೋಡೋ ದಿನ ಜಾಸ್ತಿ ಬಂದ್ರ ಡಾಕ್ಟ್ರು ಬೇಜಾರು ಮಾಡ್ಕೋತಾರೆ."

ಭಾವನವರಿಗೆ ಮಾತು ನಿಂತು ಹೋಯಿತಂತೆ. ಮದುವೆಯಾದ ಮೇಲೆ ಅವರ ಮಾತು ನಿಂತದ್ದು ಅದೇ ಮೊದಲ ಸಲ, ಅದನ್ನು ನೋಡಲು ತಾನು ಅಲ್ಲಿರಲಿಲ್ಲವಲ್ಲ ಎಂದು ಅಕ್ಕ ಇವತ್ತಿಗೂ ಹಳಹಳಿಸುತ್ತಾಳೆ.

ಇದಕ್ಕೆ ಪರಿಹಾರವೆಂದು ಮಂಡಿಗೆ ಬಿಪಿ ನೋಡುವ ಯಂತ್ರವೇ ಬಂತು. ಒಂದು ಲೋಡು ಇಳಿಸಿ ಬೆವರು ಸುರಿಸುತ್ತ ನಿಂತವರನ್ನು ಭಾವನವರು ಒಬ್ಬೊಬ್ಬರಾಗಿ ಹಿಡಿದು ತೋಳಿಗೆ ಪಟ್ಟಿ ಸುತ್ತಿದರು. ಎಲ್ಲರಿಗೂ ಬಿಪಿ! ನಿನ್ನೆ ಮೊನ್ನೆ ಮೀಸೆ ಬಂದವನಿಗೂ ಬಿಪಿ. ಹಮಾಲರು ಹೆದರಿ ಚೀಲಗಳ ಮೇಲೆಯೇ ಮಲಗಿಬಿಟ್ಟರು. ಇನ್ನೊಂದು ಲಾರಿಯ ಡ್ರೈವರು ಬಂದು, ಸರಕು ಇಳಿಸದಿದ್ದರೆ ವಾಪಸು ಹೊಡೆದುಕೊಂಡು ಹೋಗುತ್ತೇನೆಂದು ಕೂಗಾಡಿದ. ಭಾವನವರು ಅವನ ಬಿಪಿಯನ್ನೂ ನೋಡಿದರು. ಎಲ್ಲರಿಗಿಂತ ಹೆಚ್ಚು ಅವನದೇ ಇತ್ತು.

ಸುದ್ದಿ ಕೇಳಿದ ಡಾಕ್ಟರು ಫೋನಿನಲ್ಲಿ ನಕ್ಕು, ಮೈ ಬಗ್ಗಿಸಿ ದುಡಿದ ತಕ್ಷಣ ನೋಡಬಾರದು, ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ, ಆರಾಮಾದ ಮೇಲೆ ನೋಡಬೇಕು ಎಂದು ವಿವರಿಸಿದರು. ಭಾವನವರು ಅದನ್ನೂ ಒಪ್ಪಿಸಿ ತಿದ್ದಿಸಿಕೊಂಡರು. ಹಮಾಲರೂ ಕೇಳಿಸಿಕೊಂಡರು. ಅವತ್ತಿನಿಂದ ಯಾರಿಗೆ ಕೂರಬೇಕೆನಿಸಿದರೂ, "ಸಾವ್ಕಾರ್ರೆ, ಯಾಕೋ ಬಿಪಿ ನೋಡಿಸ್ಬೇಕು ಅನ್ನಿಸ್ತೈತ್ರಿ" ಎನ್ನುತ್ತಾರೆ. ಸಾಹುಕಾರರೇ ಬಂದು ಕುರ್ಚಿ ಹಾಕಿ, ಸುಮ್ಮನೆ ಕೂರು ಎಂದು ಗದರುತ್ತಾರೆ. ಇಂಥ ಸುಖ ಶಿಕಾರಿಪುರದ ಬೇರೆ ಯಾವ ಮಂಡಿಯಲ್ಲಿದೆ? ಹನುಮಂತಪ್ಪ ಈಗ ದಿನವೂ ಗುಳಿಗೆ ನುಂಗುತ್ತಾನೆ, ಭಾವನವರ ಎದುರೇ, ಬಾಯಿ ತೆರೆದು ತೋರಿಸಿ.

ಇಷ್ಟಕ್ಕೇ ನಿಂತಿದ್ದರೆ ನೆಂಟಸ್ತಿಕೆಗಳಾದರೂ ಉಳಿಯುತ್ತಿದ್ದವು. ನಮ್ಮ ಚಿಕ್ಕಪ್ಪನ ಮಗಳಿಗೆ ಕ್ಯಾಸನೂರಿನ ಆಚೆಗಿನ ಒಂದು ಊರಿನಿಂದ ಗಂಡು ಬಂದಿತ್ತು. ಕಾಡಂಚಿನಲ್ಲಿ ಗದ್ದೆ ಇದ್ದ ಒಳ್ಳೆಯ ಮನೆತನ. ಹೆಣ್ಣಿನ ಕಡೆಯ ಹಿರಿಯರೆಂದು ಮಾತುಕತೆಗೆ ಭಾವನವರನ್ನು ಮುಂದೆ ಕೂರಿಸಿದೆವು. ಜಮೀನು ಎಷ್ಟು, ನೀರು ಹೇಗೆ ಎಂದು ಕೇಳುತ್ತಾರೆಂದು ಎಲ್ಲರೂ ಕಾಯುತ್ತಿದ್ದರೆ ಇವರು ಹುಡುಗನ ಕಡೆ ಬಾಗಿ ಕೇಳಿದ್ದು ಬೇರೆಯೇ.

"ಸೊಪ್ಪಿಗೆ ಅಂತ ಕಾಡಿಗೆ ಹೋಗ್ತೀರೇನು? ಹೋಗೋ ಮುಂಚೆ ಕೈಕಾಲಿಗೆ ಎಣ್ಣೆ ಹಚ್ಕೋತೀರಾ? ಬಂದ್ಮೇಲೆ ಬಟ್ಟೆ ಬಿಚ್ಚಿ ಮೈ ಪೂರ್ತಿ ನೋಡ್ಕೋತೀರಾ?"

ಕಾಡಿನಲ್ಲಿ ಉಣುಗು ಎಂಬ ರಕ್ತ ಹೀರುವ ಹುಳ ಕಚ್ಚಿ ಮಂಗನ ಕಾಯಿಲೆ ಬರುವ ಸೀಮೆ ಅದು. ಭಾವನವರ ಮನಸ್ಸಿನಲ್ಲಿ ಇದ್ದದ್ದು ಅದೇ. ಆದರೆ ಆ ಪೀಠಿಕೆಯನ್ನು ಅವರು ಹೇಳಿರಲಿಲ್ಲ. ಹುಡುಗನ ತಾಯಿಯ ಮುಖ ಕಪ್ಪಾಯಿತು.

"ನಮ್ಮ ಹುಡುಗನ ಮೈಯಲ್ಲಿ ಎಂಥದೂ ಇಲ್ಲ. ಯಾರೋ ಆಗದವರು ಏನೋ ಹೇಳಿದಾರೆ ನಿಮಗೆ."

ಗಂಡಿನ ಕಡೆಯವರು ಚಾಪೆಯಿಂದ ಎದ್ದೇ ಬಿಟ್ಟರು. ಆಗ ಅಕ್ಕ ಅಡುಗೆಮನೆಯಿಂದ ಬಂದಳು.

"ಕೂತ್ಕಳಿ ಅತ್ತೆ, ತಪ್ಪು ತಿಳಿಬೇಡಿ. ಉಣುಗು ಇದೆಯಾ ಅಂತ ಕೇಳಿದ್ದು ಇವರು. ನನ್ನ ನೋಡೋಕೆ ಬಂದಾಗ ಹಾಡು ಹೇಳು ಅನ್ನಲಿಲ್ಲ, ಉಗುರು ತೋರಿಸು ಅಂದ್ರು. ರಕ್ತ ಕಡಿಮೆ ಇದೆಯಾ ಅಂತ ನೋಡೋಕೆ."

ಎಲ್ಲರೂ ನಕ್ಕರು. ಮದುವೆಯೂ ಆಯಿತು. ಆ ಹುಡುಗ ಕಾಡಿನಿಂದ ಬಂದ ದಿನ ಹೆಂಡತಿ ಬಿಸಿನೀರು ಕಾಯಿಸಿ, ಬಟ್ಟೆ ಬೇರೆ ಇಡಿಸಿ, ಕುತ್ತಿಗೆಯ ಹಿಂದೆಲ್ಲ ತಡಕಿ ನೋಡದೆ ಒಳಗೆ ಬಿಡುವುದಿಲ್ಲವಂತೆ. ವರದಕ್ಷಿಣೆ ಕೇಳದ ತಪ್ಪಿಗೆ ಇಷ್ಟು ಶಿಕ್ಷೆಯೇ ಎಂದು ಅವನು ಭಾವನವರನ್ನು ಕಂಡಾಗಲೆಲ್ಲ ಕೇಳುತ್ತಾನೆ.

ಇಂಥವರಿಂದ ನಾನು ನನ್ನ ಆರೋಗ್ಯವನ್ನು ಗುಟ್ಟಾಗಿಯೇ ಕಾಪಾಡಿಕೊಂಡು ಬಂದಿದ್ದೆ. ಜ್ವರ ಬಂದರೆ ಸೊಸೈಟಿಯಲ್ಲಿ ಆಡಿಟ್ ಇದೆ ಎಂದು ಸುಳ್ಳು ಹೇಳಿ ಫೋನು ಇಡುತ್ತಿದ್ದೆ. ನನ್ನ ಭೇದಿಯ ವಿವರವನ್ನು ಡಾಕ್ಟರ ಮುಂದೆ ಭಾವ ಕೈ ಕಟ್ಟಿ ಒಪ್ಪಿಸುವುದನ್ನು ಯಾವ ನಾದಿನಿ ತಾನೇ ಸಹಿಸಿಯಾಳು?

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಸ್ನಾನ ಮಾಡುವಾಗ ಎಡಗಡೆಯ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ಅವತ್ತೇ ಅಕ್ಕನಿಗೆ ಫೋನು ಮಾಡಿದೆ. ಭಾವನಿಗೆ ಹೇಳಬೇಡ ಎಂದೆ. ಅವಳು ಹೂಂ ಎಂದಳು. ಬೆಳಿಗ್ಗೆ ಇಬ್ಬರೂ ಕಾರಿನಲ್ಲಿ ನನ್ನ ಬಾಗಿಲಿಗೆ ಬಂದರು. ಭಾವನವರು ನನ್ನ ಮುಖ ನೋಡಲಿಲ್ಲ. ಎಲ್ಲಿ ನೋವು, ಯಾವಾಗಿನಿಂದ, ಹಸಿವು ಹೇಗಿದೆ, ಏನೊಂದೂ ಕೇಳಲಿಲ್ಲ. ಶಿವಮೊಗ್ಗದವರೆಗೂ ರಸ್ತೆ ನೋಡುತ್ತ ಕಾರು ಓಡಿಸಿದರು. ಆಸ್ಪತ್ರೆಯಲ್ಲಿ ಡಾಕ್ಟರಮ್ಮನ ಕೋಣೆಯ ಹೊರಗೆ ನಿಂತು ಅಕ್ಕನಿಗೆ ಹೇಳಿದರು.

"ನೀವಿಬ್ರೂ ಹೋಗ್ರಿ. ಹೆಣ್ಮಕ್ಕಳ ವಿಷಯ. ನಾನಿಲ್ಲೇ ಕೂತಿರ್ತೀನಿ."

ಇಡೀ ತಾಲ್ಲೂಕಿನ ಮೂಲವ್ಯಾಧಿಯನ್ನು ಗಟ್ಟಿ ಗಂಟಲಲ್ಲಿ ವಿಚಾರಿಸುವ ಮನುಷ್ಯ! ನನಗೆ ಆಗಲೂ ನಗು ಬಂತು.

ಸೂಜಿ ಹಾಕಿ ಗಂಟಿನ ಚೂರು ತೆಗೆದರು, ಸ್ಕ್ಯಾನು ಮಾಡಿದರು. ಫಲಿತಾಂಶ ಕೇಳಲು ಮತ್ತೊಮ್ಮೆ ಹೋದೆವು. ಆಗಲೂ ಭಾವನವರು ಹೊರಗೇ ಉಳಿದರು. ಡಾಕ್ಟರಮ್ಮ ಮೆತ್ತಗೆ ಮಾತು ಶುರು ಮಾಡಿದರು. ಕ್ಯಾನ್ಸರ್ ಎಂಬ ಒಂದು ಶಬ್ದ ಕೇಳಿತು. ಅದರ ನಂತರ ಅವರ ತುಟಿ ಅಲ್ಲಾಡುತ್ತಿದ್ದದ್ದು ಮಾತ್ರ ನೆನಪಿದೆ. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. "ಅರ್ಥ ಆಯ್ತಾ?" ಎಂದು ಕೇಳಿದಾಗ ಇಬ್ಬರೂ ಚೆನ್ನಾಗಿ ಅರ್ಥವಾದವರ ಹಾಗೆ ತಲೆ ಆಡಿಸಿದೆವು. ಡಾಕ್ಟರಮ್ಮ ನಮ್ಮನ್ನೇ ನೋಡಿದರು, ನಂಬಿದಂತೆ ಕಾಣಲಿಲ್ಲ.

ಅಕ್ಕ ಎದ್ದು ಹೋಗಿ ಬಾಗಿಲು ತೆರೆದಳು.

"ಒಳಗೆ ಬನ್ರಿ. ನಂಗೊಂದೂ ಕಿವಿಗೆ ಬೀಳ್ತಿಲ್ಲ."

ಭಾವನವರು ನನ್ನನ್ನು ನೋಡಿದರು. ಬನ್ನಿ ಭಾವ, ಎಂದೆ. ಅವರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ಸ್ಟೂಲಿನ ತುದಿಯಲ್ಲಿ ಕೂತರು. ಆಮೇಲೆ ಒಂದೊಂದೇ ಕೇಳಿದರು. ಎಷ್ಟು ದೊಡ್ಡದೈತೆ? ಬೇರೆ ಕಡೆ ಹೋಗೈತಾ? ಮೊದಲು ಏನು ಮಾಡ್ತೀರಿ? ಮಾಡದಿದ್ರೆ ಏನಾಗ್ತೈತೆ? ಅವಳು ಮತ್ತೆ ಕೆಲಸಕ್ಕೆ ಹೋಗಬಹುದಾ? ದನಿ ಏರಲಿಲ್ಲ, ಅವಸರವೂ ಇರಲಿಲ್ಲ. ಡಾಕ್ಟರಮ್ಮ ಎಲ್ಲಕ್ಕೂ ಉತ್ತರ ಕೊಟ್ಟರು. ಆ ಉತ್ತರಗಳು ಭಾವನವರ ಮೂಲಕ ಹಾದು ಬಂದದ್ದರಿಂದಲೋ ಏನೋ, ನನಗೂ ಕೇಳಿಸತೊಡಗಿದವು.

ಕೊನೆಗೆ ಅವರು ಕೈ ಕಟ್ಟಿಕೊಂಡರು.

"ಮೇಡಮ್ಮೋರೆ, ಒಂದ್ಸಲ ಒಪ್ಪಿಸ್ತೀನಿ, ತಪ್ಪಿದ್ರೆ ತಿದ್ರಿ. ನಮ್ಮ ಹುಡುಗಿಗೆ..."

ಅಲ್ಲಿಗೆ ನಿಂತರು. ನನ್ನ ತಲೆ ಅರ್ಧ ನರೆತಿದೆ, ಅವರ ಬಾಯಲ್ಲಿ ನಾನು ಹುಡುಗಿ. ಮತ್ತೆ ಶುರು ಮಾಡಿದರು, "ನಮ್ಮ ಹುಡುಗಿಗೆ, ಅಲ್ಲಿ..." ಜೇಬಿನ ಪೆನ್ನು ತೆಗೆದು ಮತ್ತೆ ಜೇಬಿಗೇ ಸಿಕ್ಕಿಸಿದರು. ಹೊರಗೆ ಇನ್ನೂ ಎಷ್ಟೋ ಜನ ಕಾಯುತ್ತಿದ್ದರು. ಡಾಕ್ಟರಮ್ಮ ಗಂಟೆ ಒತ್ತಲಿಲ್ಲ.

"ನಾನು ಹೇಳ್ತೀನಿ ಭಾವ," ಎಂದೆ. "ನನ್ನ ಎಡಗಡೆ ಸ್ತನದಲ್ಲಿ ಕ್ಯಾನ್ಸರ್ ಗಂಟಿದೆ. ಸಣ್ಣದಿದೆ. ಬೇರೆ ಕಡೆ ಹೋದಂಗೆ ಸ್ಕ್ಯಾನಲ್ಲಿ ಕಂಡಿಲ್ಲ. ಮೊದಲು ಆಪರೇಷನ್. ಆಮೇಲೆ ಯಾವ ಔಷಧ ಅಂತ ತೆಗೆದಿದ್ದನ್ನ ಪರೀಕ್ಷೆ ಮಾಡಿ ಹೇಳ್ತಾರೆ."

"ಸರಿಯಾಗಿದೆ," ಎಂದರು ಡಾಕ್ಟರಮ್ಮ.

ಬಾಯಿಬಿಟ್ಟು ಹೇಳಿದ ಮೇಲೆ ಆ ಕಾಯಿಲೆ ನನ್ನದೆಂದು ತಿಳಿಯಿತು. ತಿಳಿದದ್ದರಿಂದ ಉಸಿರಾಡಲು ಸ್ವಲ್ಪ ಜಾಗ ಸಿಕ್ಕಿತು.

ಆಪರೇಷನ್ ಆಯಿತು, ಉಳಿದ ಚಿಕಿತ್ಸೆಯೂ ಮುಗಿಯಿತು. ಈಗ ದಿನಾ ಒಂದು ಮಾತ್ರೆ ನುಂಗಿಕೊಂಡು ಸೊಸೈಟಿಯ ಕೌಂಟರಿನಲ್ಲಿ ಮೊದಲಿನ ಹಾಗೆ ಜನರ ಮೇಲೆ ರೇಗುತ್ತಿದ್ದೇನೆ. ಆದರೆ ಭಾವನವರು ಎಂದರೆ ನನ್ನ ಕಣ್ಣ ಮುಂದೆ ಬರುವುದು ಫಲಿತಾಂಶ ಕೇಳಿದ ದಿನ ಹಿಂದಿರುಗಿ ಬರುವಾಗಿನದು.

ನನ್ನ ಬಟ್ಟೆಬರೆ ತೆಗೆದುಕೊಂಡು ಬಂದು ಅವರ ಮನೆಯಲ್ಲಿಯೇ ಇರಬೇಕೆಂದು ತೀರ್ಮಾನವಾಗಿತ್ತು. ಶಿಕಾರಿಪುರ ದಾಟಿ ಸೊರಬದ ಕಡೆ ಹೊರಟೆವು. ತಾಳಗುಂದಕ್ಕೆ ಹೋಗುವ ತಿರುವಿನ ಹತ್ತಿರ ಭಾವನವರು ಕಾರು ನಿಲ್ಲಿಸಿ, ಒಂದು ನಿಮಿಷ ಬಂದೆ ಎಂದು ಇಳಿದು ಮೆಕ್ಕೆಜೋಳದ ಹೊಲದ ಬದುವಿಗೆ ಹೋದರು. ಮೂತ್ರಕ್ಕೆ ಎಂದುಕೊಂಡೆವು. ಎಷ್ಟು ಹೊತ್ತಾದರೂ ಬರಲಿಲ್ಲ. ನಮಗೆ ಬೆನ್ನು ಮಾಡಿ ನಿಂತಿದ್ದರು. ಬಿಳಿ ಅಂಗಿಯ ಹೆಗಲು ಅಲುಗುತ್ತಿತ್ತು.

ಅಕ್ಕ ನನ್ನ ಕೈಗೆ ನೀರಿನ ಬಾಟಲಿ ಕೊಟ್ಟಳು. ನಾನು ಇಳಿದು ಹೋಗಿ ಪಕ್ಕದಲ್ಲಿ ನಿಂತೆ. ಅವರು ತಿರುಗಲಿಲ್ಲ.

"ಹೆದರಿಕೆ ಆಗೈತಾ?" ಎಂದು ಕೇಳಿದರು.

"ಹೂಂ, ಭಾವ."

"ನಂಗೂ."

ಬಾಟಲಿ ತೆಗೆದುಕೊಂಡು ಮುಖ ತೊಳೆದುಕೊಂಡರು. ಆಮೇಲೆ ಕಾರಿನ ಬಾಗಿಲು ತೆಗೆದು ಹಿಡಿದು, ನಾನು ಕೂತು ಸೆರಗನ್ನು ಒಳಗೆ ಎಳೆದುಕೊಳ್ಳುವವರೆಗೂ ಕಾದು, ಮೆಲ್ಲಗೆ ಮುಚ್ಚಿದರು.